ಬಾಗಿಲ ಮೇಲಿನ ಒಂಬತ್ತು ಅಂಕಿ

ಕೊಟ್ಟೂರಿನ ನಮ್ಮ ಓಣಿಯಲ್ಲಿ ಪ್ರತಿ ಮನೆಯ ಹಣೆಯ ಮೇಲೂ ಒಂದು ಹೆಸರಿತ್ತು. ಒಂದಕ್ಕೆ ‘ಗುರುಕೃಪಾ’, ಇನ್ನೊಂದಕ್ಕೆ ‘ಮಾತೃಶ್ರೀ ನಿಲಯ’. ನನ್ನ ಮನೆಗೆ ನಾನು ಹಟ ಹಿಡಿದು ಹಳಗನ್ನಡದ ಹೆಸರೊಂದನ್ನು ಬರೆಸಿದ್ದೆ, ಅದನ್ನು ಓದಲು ಪೋಸ್ಟ್‌ಮನ್‌ಗೂ ಬರುತ್ತಿರಲಿಲ್ಲ. ನಮ್ಮ ಎದುರಿನ ಗುರುಬಸವರಾಜ ಸರ್ ಮನೆಗೆ ಮಾತ್ರ ಹೆಸರಿರಲಿಲ್ಲ. ಬಾಗಿಲ ಮೇಲೆ ಸಿಮೆಂಟಿನ ಉಬ್ಬು ಅಂಕಿಗಳಲ್ಲಿ ಒಂದು ಸಂಖ್ಯೆ ಇತ್ತು: ೩೩೩೩೩೩೩೩೧. ಎಂಟು ಮೂರು, ಕೊನೆಗೊಂದು ಒಂದು. ಹೊಸಬರು ಅದನ್ನು ಯಾವುದೋ ಫೋನ್ ನಂಬರು ಅಂದುಕೊಳ್ಳುತ್ತಿದ್ದರು. ಊರವರು ಸುಮ್ಮನೆ ‘ನಂಬರ್ ಮನಿ’ ಎನ್ನುತ್ತಿದ್ದರು.

ನಾವಿಬ್ಬರೂ ಒಂದೇ ಹೈಸ್ಕೂಲಿನಲ್ಲಿ ಮೇಷ್ಟ್ರು. ಅವರು ಗಣಿತ, ನಾನು ಕನ್ನಡ, ಹಾಗಾಗಿ ಎಲ್ಲರೂ ನನ್ನನ್ನು ‘ಪಂಡಿತ್ರು’ ಎಂದೇ ಕರೆಯುತ್ತಿದ್ದರು. ನನಗೂ ಲೆಕ್ಕಕ್ಕೂ ಎಣ್ಣೆ ಸೀಗೆಕಾಯಿ. ಅವರಿಗೆ ಲೆಕ್ಕ ಬಿಟ್ಟರೆ ಬೇರೆ ಚಟವೇ ಇಲ್ಲ. ಎಲೆ ಅಡಿಕೆ ಇಲ್ಲ, ಇಸ್ಪೀಟಿಲ್ಲ, ಸ್ಟಾಫ್ ರೂಮಿನಲ್ಲಿ ಕೂತು ಹೆಡ್‌ಮಾಸ್ಟರ ಮೇಲೆ ನಾಲ್ಕು ಮಾತು ಆಡೋಣವೆಂದರೆ ಅದಕ್ಕೂ ಬರುತ್ತಿರಲಿಲ್ಲ. ಮಕ್ಕಳಿಗೆ ಅವರು ಸದಾ ಹೇಳುತ್ತಿದ್ದದ್ದು ಒಂದೇ ಮಾತು: ಮಾಡಿ ನೋಡು. ಗೈಡಿನಲ್ಲಿ ಉತ್ತರ ಹೀಗಿದೆ ಎಂದರೆ, ಗೈಡಿನವನು ಮಾಡಿದ್ದಾನೆ, ನೀನು ಮಾಡಿ ನೋಡು. ಸ್ವತಃ ಅವರೇ ಹೇಳಿದರೂ ಸರಿಯೇ, ಮಾಡಿ ನೋಡು. ಆದರೆ ಅವರು ಹೇಳಿದ್ದನ್ನು ಯಾರೂ ಮಾಡಿ ನೋಡುತ್ತಿರಲಿಲ್ಲ, ಯಾಕೆಂದರೆ ಅದು ಎಂದೂ ತಪ್ಪಾಗಿರಲಿಲ್ಲ. ಹೊಲದ ಅಳತೆಗೆ ಅಣ್ಣತಮ್ಮಂದಿರು ಜಗಳವಾಡಿಕೊಂಡು ಬಂದರೂ ಸರ್ ಒಂದು ಸಲ ಹೇಳಿದರೆ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು. ಆ ಮನುಷ್ಯನಿಗಿದ್ದ ಆಸ್ತಿ ಆ ಹೆಸರೊಂದೇ.

ಈ ಸಂಖ್ಯೆಯ ಕತೆಯನ್ನು ಅವರು ನನಗೆ ಎಷ್ಟು ಸಲ ಹೇಳಿದ್ದರೆಂದರೆ, ನನ್ನಂಥ ದಡ್ಡನಿಗೂ ಅರ್ಥವಾಗಿಬಿಟ್ಟಿತ್ತು. ಹನ್ನೆರಡನ್ನು ಮೂರು ಪಾಲು ಮಾಡಬಹುದು, ನಾಲ್ಕು ಪಾಲು ಮಾಡಬಹುದು. ಹದಿಮೂರನ್ನು ಒಬ್ಬೊಬ್ಬರಿಗೆ ಒಂದೊಂದು ಕೊಡುವುದು ಬಿಟ್ಟರೆ ಬೇರೆ ರೀತಿಯಲ್ಲಿ ಸಮನಾಗಿ ಹಂಚಲು ಸಾಧ್ಯವೇ ಇಲ್ಲ. ಹೀಗೆ ಒಂದರಿಂದ ಮತ್ತು ತನ್ನಿಂದಲೇ ಹೊರತು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು ಅವಿಭಾಜ್ಯ ಸಂಖ್ಯೆ. ಸಂಖ್ಯೆ ದೊಡ್ಡದಾದಂತೆಲ್ಲ ಅವು ಅಪರೂಪವಾಗುತ್ತ ಹೋಗುತ್ತವೆ, ಯಾವಾಗ ಬರುತ್ತವೆಂದು ಹೇಳುವ ಸುಲಭದ ಸೂತ್ರ ಯಾರಿಗೂ ಸಿಕ್ಕಿಲ್ಲ. ಅಂಥದ್ದರಲ್ಲಿ ಸರ್ ಒಂದು ದಿನ ಬೋರ್ಡಿನ ಮೇಲೆ ೩೧ ಬರೆದು ಅದು ಅವಿಭಾಜ್ಯ ಎಂದರು, ಎದುರಿಗೊಂದು ಮೂರು ಸೇರಿಸಿ ೩೩೧ ಬರೆದರು, ಅದೂ ಅವಿಭಾಜ್ಯ. ೩೩೩೧, ಅದೂ. ಮನೆಗೆ ಹೋಗಿ ೩೩೩೩೧ ನೋಡಿದರೆ ಅದೂ. ಅಲ್ಲಿಂದ ಹುಚ್ಚು ಹಿಡಿಯಿತು.

ಒಂದೊಂದು ಮೂರು ಹೆಚ್ಚಾದಂತೆ ಕೆಲಸ ಬೆಳೆಯುತ್ತಿತ್ತು. ಏಳು ಮೂರು ಮತ್ತು ಒಂದು, ಅಂದರೆ ೩೩೩೩೩೩೩೧, ಅವಿಭಾಜ್ಯ ಹೌದೋ ಅಲ್ಲವೋ ತಿಳಿಯಬೇಕಾದರೆ ಐದು ಸಾವಿರದ ಏಳುನೂರು ಚಿಲ್ಲರೆಯವರೆಗಿನ ಎಲ್ಲ ಅವಿಭಾಜ್ಯಗಳಿಂದ ಅದನ್ನು ಒಂದೊಂದಾಗಿ ಭಾಗಿಸಿ ನೋಡಬೇಕಂತೆ. ಏಳುನೂರಕ್ಕೂ ಮೇಲೆ ಭಾಗಾಕಾರ. ಸರ್ ಒಂದು ಬೇಸಿಗೆ ರಜೆಯಲ್ಲಿ ಶುರು ಮಾಡಿ ಮುಂದಿನ ಬೇಸಿಗೆ ರಜೆಗೆ ಮುಗಿಸಿದರು, ಎಲ್ಲ ಕೈಲೆಕ್ಕ. ಮುಗಿದ ದಿನ ಸ್ಟಾಫ್ ರೂಮಿಗೆಲ್ಲ ಮಿರ್ಚಿ ಮಂಡಕ್ಕಿ ಕೊಡಿಸಿದರು. ತೊಂಬತ್ಮೂರನೇ ಇಸವಿ ಇರಬೇಕು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮತ್ತೆ ನೋಡಲಿಲ್ಲ.

ಮೊದಮೊದಲು ಅವರು ಹುಷಾರಾಗಿ ‘ಇಲ್ಲಿತನಕ ಎಲ್ಲಾ ಅವಿಭಾಜ್ಯ’ ಎನ್ನುತ್ತಿದ್ದರು. ಜನ ಹೊಗಳಿದರು. ಹರಪನಹಳ್ಳಿಯ ಶಿಕ್ಷಕರ ಸಭೆಯೊಂದರಲ್ಲಿ ಶಾಲು ಹೊದಿಸಿದರು. ಹೊಗಳಿಕೆ ಹೆಚ್ಚಾದಂತೆ ಆ ‘ಇಲ್ಲಿತನಕ’ ಯಾವಾಗಲೋ ಉದುರಿಹೋಯಿತು. ಎಷ್ಟು ಮೂರು ಬೇಕಾದರೂ ಸೇರಿಸಿ, ಕೊನೆಗೆ ಒಂದಿದ್ದರೆ ಅದು ಅವಿಭಾಜ್ಯವೇ ಎಂದು ಮಕ್ಕಳು ಹೇಳತೊಡಗಿದರು. ಸರ್ ತಿದ್ದಲಿಲ್ಲ.

ತೊಂಬತ್ತೈದರಲ್ಲಿ ಅವರು ಮನೆ ಕಟ್ಟಿಸಿದರು. ಬಾಗಿಲ ಮೇಲೆ ಹೆಸರಿನ ಬದಲು ತಾವು ಪರೀಕ್ಷಿಸಿದ ಆ ಎಂಟು ಅಂಕಿಯ ಸಂಖ್ಯೆಯನ್ನೇ ಹಾಕಿಸಬೇಕೆಂದು ಅವರ ಆಸೆ. ಗಾರೆ ಕೆಲಸದ ಕರಿಸಿದ್ದಪ್ಪ ಅಟ್ಟಣಿಗೆಯ ಮೇಲೆ ನಿಂತು ಅಂಕಿಗೊಂದರಂತೆ ಅಳತೆಯ ಗೆರೆ ಹೊಡೆದುಕೊಂಡಿದ್ದ. ನಾನು ಕೆಳಗೆ ಚಹಾ ಕುಡಿಯುತ್ತ ನಿಂತಿದ್ದೆ. ಅಷ್ಟರಲ್ಲಿ ಸರ್ ಅವರ ತಾಯಿ ಕೊಟ್ರಬಸಮ್ಮನವರು ಹೊರಗೆ ಬಂದು, ತಲೆ ಎತ್ತಿ, ಬೆರಳು ಮಡಚಿ ಗೆರೆಗಳನ್ನು ಎಣಿಸಿದರು.

“ಎಂಟಾತಲ್ಲೋ ಗುರುಬಸಣ್ಣ. ಬಾಗಿಲ ಮ್ಯಾಲ ಯಾರರ ಎಂಟು ಹಾಕ್ತಾರೇನು? ಬೆಸ ಮಾಡು.”

ನಮ್ಮ ಕಡೆ ಶುಭಕ್ಕೆಲ್ಲ ಬೆಸವೇ. ಉಡಿ ತುಂಬಿದರೆ ಐದು ಅಡಿಕೆ, ಮುಯ್ಯಿ ಹಾಕಿದರೆ ನೂರಾ ಒಂದು, ಮನೆಗೆ ಮೆಟ್ಟಿಲು ಮೂರೋ ಐದೋ. ಸರ್ ಇದನ್ನು ನಂಬುವವರಲ್ಲ, ಆದರೆ ತಾಯಿಯ ಮಾತು ಮೀರುವವರೂ ಅಲ್ಲ. ಏಳಕ್ಕೆ ಇಳಿಸಬಹುದಿತ್ತು. ಏಳು ಅಂಕಿಯದೂ ಅವರು ಪರೀಕ್ಷಿಸಿದ್ದೇ. ಆದರೆ ಹೊಸ ಮನೆಯ ಮುಂದೆ ನಿಂತು ಕಡಿಮೆ ಮಾಡಲು ಯಾರಿಗೆ ಮನಸ್ಸು ಬರುತ್ತದೆ? ಮೇಲಿನಿಂದ ಕರಿಸಿದ್ದಪ್ಪ ಗಾರೆ ಬಿಗಿಯುತ್ತಿದೆ, ಲಗೂನ ಹೇಳ್ರಿ ಎಂದು ಅವಸರ ಮಾಡಿದ. ಸರ್ ನಕ್ಕು, ಇನ್ನೊಂದು ಮೂರು ಹಾಕು ಎಂದರು. ಏಳುನೂರು ಭಾಗಾಕಾರ ಮಾಡಿದ ಮನುಷ್ಯ ಆ ಒಂದು ಮೂರಿಗೆ ಒಂದೇ ಒಂದು ಭಾಗಾಕಾರ ಮಾಡಲಿಲ್ಲ.

ಗೃಹಪ್ರವೇಶಕ್ಕೆ ಬಂದವರನ್ನೆಲ್ಲ ಅವರು ಬಾಗಿಲ ಮುಂದೆ ನಿಲ್ಲಿಸಿ, ಇದು ಯಾರಿಂದಲೂ ಭಾಗವಾಗದ ಸಂಖ್ಯೆ ಎಂದು ತೋರಿಸಿದರು. ಹೋಳಿಗೆ ಉಂಡ ಜನ ತಲೆ ಅಲ್ಲಾಡಿಸಿದರು. ನಾನೂ ಅಲ್ಲಾಡಿಸಿದೆ.

ಮುಂದಿನದನ್ನು ಅವರೇ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ್ದು. ಮನೆ ಕಟ್ಟಿಸಿದ ವರ್ಷದ ಬೇಸಿಗೆ ರಜೆಯಲ್ಲಿ, ಬಾಗಿಲ ಮೇಲೆ ಹಾಕಿದ ಮೇಲೆ ಅದನ್ನೂ ಮಾಡಿ ನೋಡಿಬಿಡೋಣ ಎಂದು ಕೂತರಂತೆ. ಇದಕ್ಕೆ ಹದಿನೆಂಟು ಸಾವಿರದವರೆಗೆ ಹೋಗಬೇಕು, ಎರಡು ಮೂರು ವರ್ಷದ ಕೆಲಸ ಎಂದು ಹಳೆಯ ಉತ್ತರ ಪತ್ರಿಕೆಗಳ ದೊಡ್ಡ ಕಟ್ಟನ್ನೇ ತಂದಿಟ್ಟುಕೊಂಡಿದ್ದರು. ಎರಡು, ಮೂರು, ಐದು ನೋಡುವ ಹಾಗೇ ಇಲ್ಲ. ಏಳಕ್ಕೆ ಎರಡು ಉಳಿಯಿತು. ಹನ್ನೊಂದಕ್ಕೆ ಒಂದು. ಹದಿಮೂರಕ್ಕೆ ಆರು. ಹದಿನೇಳಕ್ಕೆ ಏನೂ ಉಳಿಯಲಿಲ್ಲ. ಮೊದಲನೇ ಹಾಳೆಯ ಅರ್ಧವೂ ತುಂಬಿರಲಿಲ್ಲ. ತಾನು ಭಾಗಿಸಿದ್ದೇ ತಪ್ಪೆಂದು ಮೂರು ಸಲ ಮಾಡಿದರಂತೆ. ಮೂರು ಸಲವೂ ಅದೇ. ಮಗ್ಗಿ ಬರುವ ಯಾವ ಹುಡುಗನಾದರೂ ಒಂದು ಬೀಡಿ ಸೇದುವಷ್ಟರಲ್ಲಿ ಹಿಡಿಯಬಹುದಾದ ತಪ್ಪು ಸಿಮೆಂಟಿನಲ್ಲಿ ಅವರ ಹಣೆಯ ಮೇಲೆ ಕೂತಿತ್ತು.

ಅವರು ಯಾರಿಗೂ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಒಂದು ವರ್ಷವಾಯಿತು. ಅಷ್ಟಾದ ಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾರೆ ಎಂಬ ನಾಚಿಕೆ ಬೇರೆ ಸೇರಿಕೊಂಡಿತು. ಊರಲ್ಲಿ ಯಾರೂ ಹಿಡಿಯಲೂ ಇಲ್ಲ. ಅಂಗಡಿಯವರ ಕ್ಯಾಲ್ಕುಲೇಟರಿನಲ್ಲಿ ಎಂಟೇ ಅಂಕಿ ಕೂರುತ್ತಿದ್ದವು, ಸರ್ ಮನೆಯ ಸಂಖ್ಯೆ ಅದರಲ್ಲಿ ಹಿಡಿಯುತ್ತಲೇ ಇರಲಿಲ್ಲ. ಒಮ್ಮೆ ಸುಣ್ಣ ಹೊಡೆಸುವಾಗ ಕರಿಸಿದ್ದಪ್ಪನನ್ನು ಕರೆಸಿ, ಒಂದು ಮೂರನ್ನು ಮೆಲ್ಲಗೆ ಕೆತ್ತಿ ತೆಗೆಸಿಬಿಡಬೇಕೆಂದು ಕೂಡ ಅವರು ಯೋಚಿಸಿದ್ದರು. ಒಂದು ಮೂರು ಹೋದರೆ ಉಳಿಯುವುದು ನಿಜವಾದ ಅವಿಭಾಜ್ಯ. ಎಲ್ಲ ಸರಿಹೋಗುತ್ತಿತ್ತು. ಆದರೆ ಅವ್ವ ಎಣಿಸುತ್ತಾರಲ್ಲ. ಕರಿಸಿದ್ದಪ್ಪನಿಗೆ ಚಹಾ ಕುಡಿಸಿ ಹಿಂದಕ್ಕೆ ಕಳಿಸಿದರು.

ಆ ವರ್ಷಗಳಲ್ಲಿ ಅವರು ಬದಲಾದದ್ದನ್ನು ನಾನು ನೋಡಿದ್ದೆ, ಕಾರಣ ತಿಳಿದಿರಲಿಲ್ಲ. ಸಂಖ್ಯೆಯ ಮಾತು ತೆಗೆದರೆ ಬೇರೆ ಮಾತಿಗೆ ಹೋಗುತ್ತಿದ್ದರು. ಹೊರಗಿನಿಂದ ಬರುವಾಗ ಬಾಗಿಲಲ್ಲಿ ತಲೆ ತಗ್ಗಿಸುತ್ತಿದ್ದರು, ಬಾಗಿಲು ಎತ್ತರವಿದ್ದರೂ. ವಯಸ್ಸಾಯಿತು, ಸೊಂಟ ಹಿಡಿದಿರಬೇಕೆಂದು ನಾನು ತಮಾಷೆ ಮಾಡುತ್ತಿದ್ದೆ. ಮಕ್ಕಳು ಮಾತ್ರ ಪ್ರತಿ ವರ್ಷ ಪರೀಕ್ಷೆಗೆ ಹೋಗುವ ಮುಂಚೆ ಆ ಸಂಖ್ಯೆಗೆ ಕೈಮುಗಿದು ಹೋಗುತ್ತಿದ್ದರು. ಸರ್ ಆ ಹೊತ್ತಿಗೆ ಹಿತ್ತಲಲ್ಲಿ ಇರುತ್ತಿದ್ದರು.

ಎರಡು ಸಾವಿರದ ಒಂದರಲ್ಲಿ ಹತ್ತನೇ ಕ್ಲಾಸಿನಲ್ಲಿ ಪುಷ್ಪಲತಾ ಎಂಬ ಹುಡುಗಿ ಇದ್ದಳು, ಸೈಕಲ್ ಶಾಪಿನ ಗಂಗಾಧರನ ಮಗಳು. ನನ್ನ ಕ್ಲಾಸಿನಲ್ಲಿ ಆಕಳಿಸುತ್ತಿದ್ದಳು. ಸರ್ ಕ್ಲಾಸಿನಲ್ಲಿ ಕಣ್ಣರೆಪ್ಪೆ ಮುಚ್ಚುತ್ತಿರಲಿಲ್ಲ. ಸರ್ ಅವರಿಗೂ ಅವಳೆಂದರೆ ಪ್ರಾಣ. ಆ ವರ್ಷ ಹಗರಿಬೊಮ್ಮನಹಳ್ಳಿಯಲ್ಲಿ ಸುತ್ತಲಿನ ತಾಲ್ಲೂಕುಗಳ ಹೈಸ್ಕೂಲು ಮಕ್ಕಳಿಗೆ ಗಣಿತದ ಮೇಲೆ ಮಾತಾಡುವ ಸ್ಪರ್ಧೆ ಇಟ್ಟಿದ್ದರು. ಗೆದ್ದವರಿಗೆ ಬಳ್ಳಾರಿಗೆ ಹೋಗುವ ಅವಕಾಶ. ಪುಷ್ಪಲತಾ ಸರ್ ಮನೆಯ ಸಂಖ್ಯೆಯ ಮೇಲೆ ಮಾತಾಡುತ್ತೇನೆ ಎಂದಳು. ಸರ್ ಬೇರೆ ವಿಷಯ ತೆಗೆದುಕೋ ಎಂದರಂತೆ. ಇದಕ್ಕಿಂತ ಚೆಂದದ್ದು ಯಾವುದಿದೆ ಹೇಳಿ ಎಂದು ಅವಳು ಕೇಳಿದಳಂತೆ. ಅಲ್ಲಿಗೇ ಅವರು ಹೇಳಬಹುದಿತ್ತು. ಹೇಳುವುದು ಬಿಟ್ಟು, ಅಷ್ಟು ದೊಡ್ಡ ಸಂಖ್ಯೆಯನ್ನು ಅಲ್ಲಿ ಯಾರು ಭಾಗಿಸಿ ನೋಡುತ್ತಾರೆ ಎಂದು ಸುಮ್ಮನಾದರು. ಮೈ ಹುಷಾರಿಲ್ಲವೆಂದು ನೆಪ ಹೇಳಿ ಅವಳ ಜೊತೆ ನನ್ನನ್ನು ಕಳಿಸಿದರು.

ಹುಡುಗಿ ಬಹಳ ಚೆನ್ನಾಗಿ ಮಾತಾಡಿದಳು. ಕನ್ನಡವೂ ಚೆನ್ನಾಗಿತ್ತು, ಅದಕ್ಕೆ ನಾನೇ ಹೆಮ್ಮೆಪಟ್ಟೆ. ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆಯುತ್ತ ಹೋಗಿ, ಕೊನೆಗೆ ಒಂಬತ್ತು ಅಂಕಿಯದನ್ನು ಬರೆದು, ಇದು ನಮ್ಮ ಸರ್ ಮನೆಯ ಬಾಗಿಲ ಮೇಲಿದೆ ಎಂದಾಗ ಚಪ್ಪಾಳೆ ಬಿತ್ತು. ತೀರ್ಪುಗಾರರಲ್ಲಿ ಹಡಗಲಿ ಕಡೆಯ ಒಬ್ಬ ಲೆಕ್ಚರರ್ ಇದ್ದರು. ಕಾಗದದ ಮೇಲೆ ಏನೋ ಗೀಚುತ್ತಿದ್ದ ಅವರು ತಲೆ ಎತ್ತಿ, ಬಹಳ ಮೃದುವಾಗಿ, ಇದನ್ನು ಹದಿನೇಳರಿಂದ ಭಾಗಿಸಿ ತೋರಿಸಮ್ಮ ಎಂದರು.

ಪುಷ್ಪಲತಾ ಸೀಮೆಸುಣ್ಣ ಹಿಡಿದುಕೊಂಡೇ ನಿಂತಳು. ಕೈ ಎತ್ತಲಿಲ್ಲ.

“ಅದು ಬೇಕಾಗಿಲ್ರಿ,” ಎಂದಳು. “ನಮ್ ಸರ್ ಮಾಡಿ ನೋಡ್ಯಾರ್ರಿ.”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅವರು ಇನ್ನೊಮ್ಮೆ ಹೇಳಿದರು. ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು. ಈ ಸಲ ಇಡೀ ಸಭೆ ನಕ್ಕಿತು, ಕೂಡ್ಲಿಗಿಯ ಮಕ್ಕಳು, ಹರಪನಹಳ್ಳಿಯ ಮಕ್ಕಳು, ಅವರ ಮೇಷ್ಟ್ರುಗಳು ಎಲ್ಲ. ಅವಳ ಕುತ್ತಿಗೆ ಕೆಂಪಾದದ್ದು ಹಿಂದಿನ ಸಾಲಿನಲ್ಲಿದ್ದ ನನಗೂ ಕಾಣಿಸಿತು. ಎದ್ದು ಹೋಗಿ ಆ ಲೆಕ್ಚರರ್ ಜೊತೆ ಜಗಳ ತೆಗೆಯಬೇಕೆನ್ನುವಷ್ಟು ಸಿಟ್ಟು ನನಗೆ. ಆದರೆ ಹದಿನೇಳರ ಮಗ್ಗಿ ಬರದೆ ಜಗಳಕ್ಕೆ ಹೋಗುವುದು ಹೇಗೆ? ಬಹುಮಾನ ಬೇರೆಯವರಿಗೆ ಹೋಯಿತು.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಅವಳಿಗೆ ಕಾಣದ ಹಾಗೆ ನಾನು ಟಿಕೆಟಿನ ಹಿಂದೆ ಭಾಗಿಸಲು ಹೋಗಿ ಎರಡನೇ ಅಂಕಿಗೇ ಮುಗ್ಗರಿಸಿದೆ. ಊರು ಹತ್ತಿರ ಬಂದಾಗ ಅವಳೇ ಹೇಳಿದಳು, “ಹೆದರ್ಸಾಕ ಹಂಗ ಕೇಳಿರ್ತಾರ್ರಿ ಪಂಡಿತ್ರ. ನಾ ಭಾಗಿಸಿದ್ರ ಸರ್ ಮ್ಯಾಲೆ ನನಗ ಅನುಮಾನ ಬಂದಂಗ ಆಗ್ತಿತ್ತು.” ದಾರಿಯುದ್ದಕ್ಕೂ ಅವಳ ಮಡಿಲಲ್ಲಿ ನೋಟ್‌ಬುಕ್ಕೂ ಪೆನ್ನೂ ಇದ್ದವು. ಅವಳು ಅದನ್ನು ತೆರೆಯಲಿಲ್ಲ.

ನಾನು ನೇರ ಸರ್ ಮನೆಗೆ ಹೋದೆ. ಆ ಲೆಕ್ಚರರನ್ನು ಚೆನ್ನಾಗಿ ಬೈದು, ನಡೆದದ್ದನ್ನೆಲ್ಲ ಹೇಳಿದೆ. ನನ್ನ ಜೊತೆ ಅವರೂ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೂತಲ್ಲೇ ಕುಗ್ಗಿದರು. ಹದಿನೇಳು ಅಂದರಾ ಎಂದಷ್ಟೇ ಕೇಳಿದರು. ಆಗ ನನಗೆ ಹೊಳೆಯಿತು. ನಿಮಗೆ ಗೊತ್ತಿತ್ತೇನು ಎಂದು ಕೇಳಿದೆ, ಧ್ವನಿ ಏರಿಸಿಯೇ ಕೇಳಿದೆ. ಅವರು ಬೇಸಿಗೆ ರಜೆಯ ಕತೆ, ಕರಿಸಿದ್ದಪ್ಪನ ಕತೆ, ಎಲ್ಲವನ್ನೂ ನೆಲ ನೋಡುತ್ತ ಹೇಳಿದರು. ನಾನು ಸ್ನೇಹಿತ, ಸಮಾಧಾನ ಹೇಳಬೇಕಿತ್ತು. ಆದರೆ ಆ ಹುಡುಗಿಯ ಕುತ್ತಿಗೆ ಕಣ್ಣ ಮುಂದೆ ಇತ್ತು. ನಾಚಿಕೆಯಾಗಬೇಕು ನಿಮಗೆ ಎಂದು ಹೇಳಿ ಎದ್ದು ಬಂದೆ.

ಮರುದಿನ ನನ್ನ ಪಿರಿಯಡ್ ಇರಲಿಲ್ಲ. ಹತ್ತನೇ ಕ್ಲಾಸಿನ ಹೊರಗೆ ಪಡಸಾಲೆಯಲ್ಲಿ ನಿಂತೆ. ಸರ್ ಬೋರ್ಡಿನ ಮೇಲೆ ಒಂಬತ್ತು ಅಂಕಿಗಳನ್ನು ಬರೆದರು, ಪಕ್ಕದಲ್ಲಿ ಹದಿನೇಳು ಬರೆದು ಪುಷ್ಪಲತಾಳನ್ನು ಕರೆದರು.

“ಮಾಡಿ ನೋಡವ್ವ,” ಎಂದರು.

ಅವಳು ನಗುನಗುತ್ತಲೇ ಬಂದಳು. ನಿನ್ನೆ ನಕ್ಕವರಿಗೆಲ್ಲ ಈಗ ಉತ್ತರ ಕೊಡುತ್ತೇನೆ ಎನ್ನುವ ನಗೆ. ಮೂವತ್ಮೂರರಲ್ಲಿ ಹದಿನೇಳು ಒಂದು ಸಲ, ಹದಿನಾರು ಉಳಿಯಿತು. ನೂರಾ ಅರವತ್ಮೂರರಲ್ಲಿ ಒಂಬತ್ತು ಸಲ. ಅಂಕಿ ಇಳಿಯುತ್ತ ಹೋದಂತೆ ಅವಳ ಕೈ ನಿಧಾನವಾಯಿತು. ಕೊನೆಗೆ ಐವತ್ತೊಂದು ಉಳಿಯಿತು. ಹದಿನೇಳು ಮೂರ್ಲೆ ಐವತ್ತೊಂದು. ಇಡೀ ಕ್ಲಾಸಿಗೆ ಆ ಮಗ್ಗಿ ಬರುತ್ತಿತ್ತು. ಅವಳು ಮೂರು ಬರೆದಳು, ಐವತ್ತೊಂದು ಕಳೆದಳು, ಕೆಳಗೆ ಸೊನ್ನೆ ಬರೆದಳು. ಬೋರ್ಡಿನ ಕಡೆಗೇ ಮುಖ ಮಾಡಿಕೊಂಡು ಕೇಳಿದಳು.

“ಇದು ನಿಮಗ ಯಾವಾಗ ಗೊತ್ತಾತ್ರಿ ಸರ್?”

“ಮನಿ ಕಟ್ಟಿಸಿದ ವರ್ಷಾನ.”

ಅವಳು ತಿರುಗಿ ಅವರ ಮುಖ ನೋಡಿದಳು. “ಮತ್ತ ನನ್ನ ಯಾಕ ಕಳಿಸಿದ್ರಿ?”

ಸರ್ ಕೈಯಲ್ಲಿದ್ದ ಡಸ್ಟರನ್ನು ಮೇಜಿನ ಮೇಲಿಟ್ಟರು, ಮತ್ತೆ ತೆಗೆದುಕೊಂಡರು. “ಹೇಳಾಕ ನಾಚಿಕಿ ಆತವ್ವ,” ಎಂದರು. “ತಪ್ಪು ನಂದು. ನಗಿಸಿಕೊಂಡಾಕಿ ನೀನು.” ಅವಳು ಸೀಮೆಸುಣ್ಣವನ್ನು ಅದರ ಡಬ್ಬಿಯಲ್ಲಿಟ್ಟು ತನ್ನ ಜಾಗಕ್ಕೆ ಹೋಗಿ ಕೂತಳು. ಆ ಮೇಲೆ ಸರ್ ಪಾಠ ಮಾಡಲು ನೋಡಿದರು, ಆಗಲಿಲ್ಲ. ಗಂಟೆ ಹೊಡೆಯುವವರೆಗೂ ಬೋರ್ಡಿನ ಪಕ್ಕದಲ್ಲಿ ನಿಂತಿದ್ದರು, ಆ ಭಾಗಾಕಾರವನ್ನು ಅಳಿಸಲಿಲ್ಲ.

ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡಿತು. ಅಂಗಡಿ ಕಟ್ಟೆಗಳಲ್ಲಿ ನಕ್ಕರು. ಸರ್ ಮನೆ ಮುಂದೆ ಹಾಯುವ ಹುಡುಗರು ಹದಿನೇಳು ಎಂದು ಕೂಗಿ ಓಡಿದರು. ಪುಷ್ಪಲತಾ ಸರ್ ಮನೆಗೆ ಟ್ಯೂಷನ್ನಿಗೆ ಬರುವುದನ್ನು ಬಿಟ್ಟಳು, ಸ್ಕೂಲಿಗೆ ಹೋಗುವಾಗ ನಮ್ಮ ಓಣಿ ಬಿಟ್ಟು ಸುತ್ತು ಹಾಕಿಕೊಂಡು ಹೋಗತೊಡಗಿದಳು. ಹುಡುಗರ ಕೂಗು ಸರ್‌ಗೆ ಅಷ್ಟಾಗಿ ತಟ್ಟಲಿಲ್ಲ. ಅವಳು ಸುತ್ತು ಹಾಕುವುದು ತಟ್ಟಿತು.

ಆ ಭಾನುವಾರ ಕರಿಸಿದ್ದಪ್ಪನನ್ನು ಕರೆಸಿದರು. ಅವನು ಮೇಲೆ ಹತ್ತುವ ಮುಂಚೆಯೇ ಉಪಾಯ ಹೇಳಿದ, “ಒಂದು ಮೂರು ಕೆತ್ತಿ ಒಗದ್ರ ಸುದ್ದ ಆಕ್ಕತಂತಲ್ರಿ ಸರ. ಊರಾಗ ಎಲ್ರೂ ಅದನ್ನ ಅಂತಾರ.”

“ಅದು ಹಂಗ ಇರಲಿ. ಕೆಳಗ ಇನ್ನೊಂದು ಸಾಲು ಹಾಕು.”

ಕೆಳಗಿನ ಸಾಲು ಇದು: ೧೭ × ೧೯೬೦೭೮೪೩. ಹಣ್ಣು ಹಣ್ಣು ಮುದುಕಿಯಾಗಿದ್ದ ಕೊಟ್ರಬಸಮ್ಮನವರು ಬಾಗಿಲಿಗೆ ಆತುಕೊಂಡು ಅದನ್ನೂ ಎಣಿಸಿದರು. ಹತ್ತು ಅಂಕಿ, ನಡುವಿನ ಗುಣಾಕಾರದ ಗುರುತು ಸೇರಿದರೆ ಹನ್ನೊಂದು. ಬೆಸವೇ. ಮುಂದೆ ಸಮ ಎಂಬ ಗುರುತನ್ನೂ ಹಾಕಬೇಕೆಂದು ಸರ್‌ಗೆ ಇತ್ತು, ಹನ್ನೆರಡಾಗುತ್ತದೆಂದು ತಾಯಿ ಬಿಡಲಿಲ್ಲ. ನಾನು ನಗು ತಡೆಯಲಾರದೆ ನನ್ನ ಮನೆಯೊಳಗೆ ಹೋದೆ. ಸರ್ ನಗಲಿಲ್ಲ. ಅವ್ವನಿಗೆ ಹೂಂ ಎಂದರು.

ಎರಡು ಮೂರು ದಿನ ಬಿಟ್ಟು ಬೆಳಿಗ್ಗೆ ನಾನು ನಮ್ಮ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದೆ. ಪುಷ್ಪಲತಾ ನಮ್ಮ ಓಣಿಯಲ್ಲೇ ಬಂದಳು. ಸರ್ ಮನೆ ಎದುರು ಸೈಕಲ್ ನಿಲ್ಲಿಸಿ ತಲೆ ಎತ್ತಿ ನೋಡಿದಳು. ಸರ್ ಒಳಗೆ ಕಿಟಕಿಯ ಹಿಂದೆ ಇದ್ದರು, ನನಗೆ ಅವರ ಬಿಳಿ ಅಂಗಿ ಕಾಣುತ್ತಿತ್ತು. ಅವಳು ಕರೆಯುತ್ತಾಳೆಂದು ಅವರು ಕಾದಿರಬೇಕು, ನಾನೂ ಕಾದೆ.

ಅವಳು ಕರೆಯಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು, ಸೈಕಲ್ ಸೀಟಿನ ಮೇಲೆ ಬಿಡಿಸಿಟ್ಟುಕೊಂಡು, ಕೆಳಗಿನ ಸಾಲನ್ನು ಬರೆದುಕೊಂಡಳು. ನಿಂತಲ್ಲೇ ಗುಣಿಸತೊಡಗಿದಳು. ಮೊದಲು ಏಳರಿಂದ, ಆಮೇಲೆ ಒಂದರಿಂದ, ಆಮೇಲೆ ಕೂಡಿಸಿದಳು. ಒಂದು ಕಡೆ ತಪ್ಪಿತೇನೋ, ಹೊಡೆದುಹಾಕಿ ಮತ್ತೆ ಮಾಡಿದಳು. ಬಂದ ಉತ್ತರವನ್ನೂ ಮೇಲಿನ ಸಾಲನ್ನೂ ಒಂದೊಂದೇ ಅಂಕಿ ಹಿಡಿದು ಹೋಲಿಸಿದಳು. ನೋಟ್‌ಬುಕ್ ಚೀಲದಲ್ಲಿ ಹಾಕಿಕೊಂಡು ಸೈಕಲ್ ಹತ್ತಿ ಸ್ಕೂಲಿನ ಕಡೆ ಹೋದಳು. ಕಿಟಕಿಯ ಕಡೆ ತಿರುಗಿ ನೋಡಲಿಲ್ಲ.

ಅವಳು ಓಣಿ ದಾಟಿದ ಮೇಲೆ ಸರ್ ಹೊರಗೆ ಬಂದರು. ನಮ್ಮ ಕಟ್ಟೆಯ ಹತ್ತಿರ ಬಂದು ಕೇಳಿದರು.

“ಪೂರ್ತಿ ಮಾಡಿ ನೋಡಿದ್ಲೇನ್ರಿ ಪಂಡಿತ್ರ?”

“ಪೂರ್ತಿ ನೋಡಿದ್ಲು.”

ಅವರು ತಲೆ ಆಡಿಸಿದರು. ನನ್ನ ಮಾತನ್ನು ಇನ್ನು ಯಾವತ್ತೂ ಹಾಗೇ ನಂಬುವುದಿಲ್ಲ ಆಕೆ ಎಂದು ಮೆಲ್ಲಗೆ ಹೇಳಿದರು. ಕಣ್ಣು ಒರೆಸಿಕೊಂಡು, ತಲೆ ತಗ್ಗಿಸಿ ಒಳಗೆ ಹೋದರು.